ರಕ್ಷಿತಾ ಕುಡಿಯದ ನೀರು

ಸೊರಬ
ಆಗಸ್ಟ್ 6, ಗುರುವಾರ

ಪ್ರೀತಿಯ ರೀ,

ನಗಬೇಡಿ. ನಿಮ್ಮ ಹೆಸರನ್ನೇ ಬರೆಯೋಣವೆಂದು ಪೆನ್ನು ಹಿಡಿದಿದ್ದೆ. ಪಕ್ಕದಲ್ಲಿ ಹೂಬತ್ತಿ ಹೊಸೆಯುತ್ತಾ ಕೂತಿರುವ ನಮ್ಮ ಲೋಕಮ್ಮಜ್ಜಿ, ಒಂದಕ್ಷರ ಓದಲು ಬಾರದಿದ್ದರೂ, "ಎಂತದೇ, ಗಂಡನ ಹೆಸ್ರು ಬರೀತಿದೀಯಾ?" ಎಂದು ಕಣ್ಣರಳಿಸಿದಳು. ನಿನಗೆ ಹೇಗೆ ಗೊತ್ತಾಯಿತು ಎಂದರೆ, "ಮುಖ ನೋಡಿದ್ರೆ ಗೊತ್ತಾಗಲ್ವಾ, ಹಲಸಿನಹಣ್ಣು ಒಡೆದಂಗಿದೆ" ಎಂದಳು. ಹೆಸರು ಬಿಟ್ಟೆ. ದಿನವಿಡೀ ನಿಮ್ಮನ್ನು ಕರೆಯುವುದು ಹೇಗೂ 'ರೀ' ಎಂದೇ ಅಲ್ಲವೇ, ಕಾಗದದಲ್ಲೂ ಹಾಗೇ ಇರಲಿ.

ಹೇಗಿದ್ದೀರಿ? ಗೋದಾಮಿನ ಧೂಳಿಗೆ ಬರುತ್ತಿದ್ದ ಕೆಮ್ಮು ಕಡಿಮೆಯಾಯಿತೇ? ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಿದ್ದೀರೋ, ಎಪಿಎಂಸಿ ಗೇಟಿನ ಮುಂದೆ ಮಂಡಕ್ಕಿ ಮೆಣಸಿನಕಾಯಿ ತಿಂದು ಮುಗಿಸುತ್ತಿದ್ದೀರೋ? ನಿಜ ಹೇಳಿ. ನಾನು ಚೆನ್ನಾಗಿದ್ದೇನೆ, ಅತಿಯಾಗಿ ಚೆನ್ನಾಗಿದ್ದೇನೆ. ಅಮ್ಮ ದಿನಕ್ಕೊಂದು ಬಗೆಯ ಕಡುಬು ಮಾಡಿ, ಗಂಡನ ಮನೆಯಲ್ಲಿ ನನ್ನನ್ನು ಉಪವಾಸ ಕೆಡವಿದ್ದರೇನೋ ಎಂಬಂತೆ ತಿನ್ನಿಸುತ್ತಿದ್ದಾಳೆ. ಮದುವೆಯ ಬಳೆಗಳು ಆಗಲೇ ಬಿಗಿಯಾಗಿವೆ. ಇದೆಂಥ ಪದ್ಧತಿ ಹೇಳಿ ರೀ! ಮದುವೆ ಮಾಡಿ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುವಷ್ಟು ಸಲಿಗೆ ಬರುವ ಹೊತ್ತಿಗೆ ಸರಿಯಾಗಿ, ಆಷಾಢ ಬಂತು ನಡಿ ತವರಿಗೆ ಎಂದು ಬಸ್ಸು ಹತ್ತಿಸುವುದು. ಅದರ ಮೇಲೆ ಈ ತಿಂಗಳು ಪೂರ್ತಿ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಬಾರದಂತೆ, ಒಂದೇ ಹೊಸ್ತಿಲು ದಾಟಬಾರದಂತೆ. ನಮ್ಮ ಶಾಲೆಯಲ್ಲಿ ಏನೇನೋ ಕಲಿಸಿದರು, ಇದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅಂದಹಾಗೆ, ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಇಂಗ್ಲಿಷ್ ಮೀಡಿಯಂನಲ್ಲಿ ನಮಗೆ ಕಲಿಸಿದ ಪತ್ರವೆಂದರೆ ಬೀದಿದೀಪ ಕೆಟ್ಟಿದೆಯೆಂದು ಮುನಿಸಿಪಲ್ ಕಮಿಷನರಿಗೆ ಬರೆಯುವುದು. ಆ ಮನುಷ್ಯನಿಗೆ ನಾನು ಎಂದೂ 'ಪ್ರೀತಿಯ' ಎಂದು ಬರೆದವಳಲ್ಲ, ಹೊಟ್ಟೆಕಿಚ್ಚು ಬೇಡ.

ಫೋನು ಇರುವಾಗ ಕಾಗದವೇಕೆ ಎನ್ನುತ್ತೀರಿ. ನಿಮ್ಮ ಫೋನು ನಿಮ್ಮ ಹತ್ತಿರ ಇರುವುದಾದರೂ ಯಾವಾಗ? ಬೆಳಿಗ್ಗೆಯಿಂದ ಸಂಜೆಯವರೆಗೆ ಮೆಕ್ಕೆಜೋಳದ ದರ ನೋಡಲೆಂದು ಮಾವನವರ ಕೈಯಲ್ಲಿರುತ್ತದೆ. ಹೋದ ವಾರ ನಾನು ಕಳಿಸಿದ ಮೂರು ಕೆಂಪು ಹೃದಯಗಳನ್ನು ನೋಡಿ ಅವರು "ಮಾಂತೇಶಾ, ಯಾರಿಗೋ ಎದೆನೋವಂತೆ ನೋಡೋ" ಎಂದರೆಂದು ನೀವೇ ಹೇಳಿದಿರಿ. ಈಗ ಬರೆಯಬೇಕಾದ ಸಂಗತಿ ಅವರ ಕಣ್ಣಿಗೆ ಹಾಗೆ ಬೀಳುವಂಥದ್ದಲ್ಲ. ಅದಕ್ಕೇ ನಮ್ಮ ದೊಡ್ಡಪ್ಪನ ಮಗ ಲೋಕೇಶಣ್ಣನ ಕೈಯಲ್ಲಿ ಕೊಡುತ್ತೇನೆ. ಸಂಜೆ ಶಿಕಾರಿಪುರಕ್ಕೆ ಬರುವ ಬಸ್ಸಿಗೆ ಇವತ್ತು ಅವನೇ ಕಂಡಕ್ಟರ್. ನಿಮ್ಮ ಕೈಗೇ ಕೊಡು, ಬೇರೆ ಯಾರ ಕೈಗೂ ಅಲ್ಲ ಎಂದರೆ, "ಟಿಕೆಟ್ ತಗಳ್ದೆ ಪ್ರಯಾಣ ಮಾಡೋದು ನಿನ್ನ ಪ್ರೇಮಪತ್ರ ಒಂದೇ ಕಣೆ" ಎಂದು ಅಣಕಿಸಿದ. ಪ್ರೇಮಪತ್ರವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ಮಂಗಳವಾರ ಇಲ್ಲಿ ನಡೆದ ಜಿಲ್ಲಾ ಮಟ್ಟದ ಕುಸ್ತಿಯ ಬಗ್ಗೆ ನಿಮ್ಮ ಮನೆಯಲ್ಲಿ ಏನೇನು ಮಾತಾಗುತ್ತಿದೆಯೋ ನನಗೆ ತಿಳಿಯದು. ನೀವು ಅಂಗಡಿ ನೋಡಿಕೊಳ್ಳಲು ಅಲ್ಲೇ ಉಳಿದಿರಿ, ಮಾವನವರು ಹೇಳಿದ್ದಷ್ಟೇ ನಿಮಗೆ ಗೊತ್ತು. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು. ನನಗೆ ಗೊತ್ತಿರುವುದು ಅತ್ತೆಯವರಿಗೂ ಗೊತ್ತೋ ಇಲ್ಲವೋ ಎಂಬುದು ಮಾತ್ರ ನನಗೆ ಗೊತ್ತಿಲ್ಲ. ನೋಡಿ, ಬರೆಯುವಾಗಲೇ ತಲೆ ತಿರುಗುತ್ತಿದೆ. ನಿಮಗೆ ತಿಳಿದದ್ದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ, ಹೇಳುತ್ತಾ ಹೇಳುತ್ತಾ ನನಗೇ ಸ್ಪಷ್ಟವಾದೀತು.

ನಿಮ್ಮ ತಂಗಿ ರಕ್ಷಿತಾ ಹೋಬಳಿ ಮಟ್ಟದಲ್ಲಿ ಚಿನ್ನ ಗೆದ್ದಾಗ ನಾನು ನಿಮ್ಮ ಮನೆಗೆ ಬಂದು ಕೆಲವೇ ವಾರಗಳಾಗಿದ್ದವು. ಆಮೇಲೆ ತಾಲ್ಲೂಕು ಮಟ್ಟದಲ್ಲೂ ಚಿನ್ನ. ಮನೆಯಲ್ಲಿ ಎಂಥ ಸಂಭ್ರಮ! ಅತ್ತೆಯವರು ಬೀದಿಗೆಲ್ಲ ಪೇಡ ಹಂಚುತ್ತಾ "ಸೊಸೆ ಕಾಲ್ಗುಣ ನೋಡ್ರವ್ವಾ, ಮಗಳಿಗೆ ಚಿನ್ನ ತಂತು" ಎಂದದ್ದೂ, ಫೋಟೋ ತೆಗೆಯುವಾಗ ಒಂದು ಪದಕವನ್ನು ನನ್ನ ಕೊರಳಿಗೇ ಹಾಕಿದ್ದೂ ನಿಮಗೆ ನೆನಪಿರಬೇಕು. ಬಸ್ ಸ್ಟ್ಯಾಂಡಿನ ಎದುರು ಮಾವನವರು ಕಟ್ಟಿಸಿದ ಫ್ಲೆಕ್ಸ್‌ನಲ್ಲಿ 'ಎದುರು ನಿಲ್ಲುವವರೇ ಇಲ್ಲ' ಎಂದು ಬರೆಸಿದ್ದರಲ್ಲ, ಅದರ ಮೂಲೆಯಲ್ಲಿ ನೀವು ಗಾಗಲ್ ಹಾಕಿಕೊಂಡು ನಿಂತಿದ್ದಿರಿ. ನಾನು ಆ ಫ್ಲೆಕ್ಸ್‌ಗೆ ಎಷ್ಟು ಸಲ ಸುಮ್ಮಸುಮ್ಮನೆ ಪ್ರದಕ್ಷಿಣೆ ಹಾಕಿದೆನೋ!

ಆದರೆ ರೀ, ಆ ಫ್ಲೆಕ್ಸ್‌ನ ಮಾತು ಅಕ್ಷರಶಃ ನಿಜವೆಂದು ನಿಮಗೆ ಗೊತ್ತಿತ್ತೇ? ತಾಲ್ಲೂಕು ಪಂದ್ಯದ ದಿನ ನಿಮಗೆ ಲೋಡು ಬಂದಿತ್ತು, ಮಾವನವರು ಬಹುಮಾನ ಕೊಡುವ ಹೊತ್ತಿಗೆ ಅತಿಥಿಯಾಗಿ ಬಂದರು. ಮನೆಯವರಲ್ಲಿ ಮೊದಲಿನಿಂದ ಕೂತಿದ್ದವಳು ನಾನೊಬ್ಬಳೇ. ರಕ್ಷಿತಾ ಮ್ಯಾಟ್ ಮೇಲೆ ಹೋಗಿ ನಿಂತಳು. ರೆಫ್ರಿ ಅವಳ ಕೈ ಎತ್ತಿದರು. ಅವಳು ಇಳಿದು ಬಂದಳು. ನಾನು ಜನ್ಮದಲ್ಲಿ ಕುಸ್ತಿ ನೋಡಿದವಳಲ್ಲ. ಕುಸ್ತಿಯೆಂದರೆ ಇಷ್ಟೇ ಇರಬೇಕು, ಎಷ್ಟು ಸಭ್ಯವಾದ ಆಟ ಎಂದುಕೊಂಡು ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆ. ಆಮೇಲೆ ಬೇರೆ ಹುಡುಗಿಯರು ಬಂದು ಒಬ್ಬರನ್ನೊಬ್ಬರು ಎತ್ತಿ ಒಗೆದಾಗ ಬೆಚ್ಚಿ, ಇವರೇಕೆ ಜಗಳವಾಡುತ್ತಿದ್ದಾರೆ ಎಂದು ಪಕ್ಕದವರನ್ನು ಕೇಳಿದೆ. ಆಗ ಗೊತ್ತಾಯಿತು. ಎಲ್ಲಕ್ಕಿಂತ ಮೇಲಿನ ತೂಕದ ವಿಭಾಗದಲ್ಲಿ ಇಡೀ ತಾಲ್ಲೂಕಿಗೆ ರಕ್ಷಿತಾ ಒಬ್ಬಳೇ. ಅಷ್ಟು ತೂಗುವ ಹುಡುಗಿ ಬೇರೆ ಯಾವ ಶಾಲೆಯಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಬೆಳಿಗ್ಗೆ ಬಾದಾಮಿ ಹಾಲು, ಹತ್ತು ಗಂಟೆಗೆ ತುಪ್ಪದ ಹೋಳಿಗೆ, ಸಂಜೆ ಖರ್ಜೂರ ಕಲಸಿದ ಉಂಡೆ, ಇದೆಲ್ಲ ಯಾವ ಮನೆಯಲ್ಲಿ ಸಿಗುತ್ತದೆ? ಎರಡೂ ಪದಕಕ್ಕೆ ಅವಳು ಯಾರ ಕೈಯನ್ನೂ ಮುಟ್ಟಿರಲಿಲ್ಲ.

ಮಾವನವರನ್ನು ತಪ್ಪು ತಿಳಿಯಬೇಡಿ, ನಾನೂ ತಿಳಿಯುತ್ತಿಲ್ಲ. ಮೇಲಿನ ತೂಕವೆಂದರೆ ಮೇಲಿನ ದರ್ಜೆ ಎಂದೇ ಅವರ ನಂಬಿಕೆ. "ಜೋಳದಾಗೆ ಫಸ್ಟ್ ಗ್ರೇಡ್ ಇದ್ದಂಗೆ ನಮ್ಮ ಹುಡುಗಿ. ಹೆದ್ರಿ ಒಬ್ಬಳೂ ಬರ್ಲಿಲ್ಲ ನೋಡ್ರಿ!" ಎಂದು ಅವರು ಬಂದವರಿಗೆಲ್ಲ ಹೇಳುವಾಗ ಕಣ್ಣಲ್ಲಿ ನೀರಿರುತ್ತಿತ್ತು. ಸುಳ್ಳು ಹೇಳುವವರ ಕಣ್ಣು ಹಾಗಿರುವುದಿಲ್ಲ. ಗಂಡುಮಕ್ಕಳ ಗರಡಿಗೆ ಹೆಣ್ಣುಮಕ್ಕಳನ್ನು ಬಿಡುವುದಿಲ್ಲವೆಂದಾಗ ಶಾಲೆಗೇ ಹೊಸ ಮ್ಯಾಟ್ ತರಿಸಿಕೊಟ್ಟವರು ಅವರು. ಆ ಮ್ಯಾಟ್ ಮೇಲೆ ರಕ್ಷಿತಾ ಎರಡು ವರ್ಷದಿಂದ ದಿನಾ ಸಂಜೆ ಬೆವರು ಸುರಿಸಿದ್ದಾಳೆ. ಅವಳಿಗೆ ಕುಸ್ತಿ ಬರುತ್ತದೆ ರೀ, ಚೆನ್ನಾಗಿಯೇ ಬರುತ್ತದೆ. ಅದನ್ನು ತೋರಿಸಲು ಯಾರೂ ಸಿಕ್ಕಿರಲಿಲ್ಲ ಅಷ್ಟೇ.

ತಾಲ್ಲೂಕು ಗೆದ್ದ ಮರುದಿನ ಊಟಕ್ಕೆ ಬಡಿಸುತ್ತಿದ್ದಾಗ ಅವಳು ಪಿಸುಗುಟ್ಟಿದಳು: "ಅತ್ತಿಗೆ, ತುಪ್ಪ ಹಾಕಿದಂಗೆ ಮಾಡಿ, ಹಾಕ್ಬೇಡಿ." ನನಗೆ ನಗು. ಹತ್ತನೇ ಕ್ಲಾಸಿನ ಹುಡುಗಿ, ತೆಳ್ಳಗಾಗುವ ಆಸೆ ಇರಬೇಕು ಎಂದುಕೊಂಡೆ. ಅತ್ತೆಯವರು ನೋಡುವಾಗ ತುಪ್ಪದ ಮಿಳ್ಳೆ ಬಗ್ಗಿಸುವುದು, ಒಂದು ಹನಿಯೂ ಬೀಳದಂತೆ ನೋಡಿಕೊಳ್ಳುವುದು, ಅವಳು "ಸಾಕು ಸಾಕು ಅತ್ತಿಗೆ" ಎಂದು ಕೂಗುವುದು. ನಮಗಿಬ್ಬರಿಗೆ ಅದೊಂದು ಆಟವಾಗಿತ್ತು. ಆ ಆಟ ಎಲ್ಲಿಗೆ ಹೋಗುತ್ತಿದೆ ಎಂದು ದೇವರಾಣೆ ನನಗೆ ತಿಳಿದಿರಲಿಲ್ಲ. ನಾನು ಇಲ್ಲಿಗೆ ಬಂದ ಮೇಲೆ ಆ ಹೋಳಿಗೆಗಳನ್ನೆಲ್ಲ ಅವಳು ಏನು ಮಾಡಿದಳೋ ಅವಳನ್ನೇ ಕೇಳಬೇಕು.

ಈಗ ಮಂಗಳವಾರಕ್ಕೆ ಬರುತ್ತೇನೆ. ಪಂದ್ಯ ಇದ್ದದ್ದು ಇಲ್ಲಿನ ಒಂದು ಪ್ರೌಢಶಾಲೆಯ ಸಭಾಭವನದಲ್ಲಿ. ಎರಡು ಬಾಗಿಲು ಇದ್ದರೂ ಒಂದಕ್ಕೆ ಹಳೆಯ ಡೆಸ್ಕುಗಳನ್ನು ಪೇರಿಸಿಟ್ಟಿದ್ದರು. ಉಳಿದದ್ದು ಒಂದು ಬಾಗಿಲು, ಅದಕ್ಕೊಂದು ಹೊಸ್ತಿಲು. ಕಾರಿನಿಂದ ಇಳಿದ ಅತ್ತೆಯವರು ನನ್ನನ್ನು ದೂರದಿಂದ ಕಂಡವರೇ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದರು. ನಾನೂ ಗಾಬರಿಯಿಂದ ಒಂದು ಕಂಬದ ಹಿಂದೆ ಸರಿದೆ. ಶಾಲೆಯ ಹೊಸ್ತಿಲು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಯಾರನ್ನು ಕೇಳುವುದು? ಪಾಪ, ಮಾವನವರು ಅಷ್ಟು ದೊಡ್ಡ ವ್ಯಾಪಾರಿ, ಇಸ್ತ್ರಿ ಮಾಡಿದ ಪಂಚೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಕಂಬಕ್ಕೂ ಕೊಡೆಗೂ ನಡುವೆ ಓಡಾಡಿದರು. "ನಿಮ್ಮತ್ತೆ ತಿಂಡಿ ಆಯ್ತಾ ಅಂತ ಕೇಳ್ತಾಳೆ." ಆಯಿತು ಎಂದು ಹೇಳಿ ಮಾವ ಎಂದೆ. ಹೋಗಿ ಬಂದರು. "ಏನು ತಿಂಡಿ ಅಂತ ಕೇಳ್ತಾಳೆ." ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ತೀರ್ಪು ತಂದರು: "ಅವಳು ಹೊರಗೇ ಕಿಟಕಿ ಹತ್ರ ಇರ್ತಾಳಂತೆ. ನೀನು ಒಳಗೆ ಹೋಗ್ಬೇಕಂತೆ ತಾಯಿ. ನಿನ್ನ ಕಾಲ್ಗುಣ ಒಳಗಿರ್ಲಿ ಅಂತಾಳೆ." ಹೆತ್ತ ಮಗಳ ಆಟ ನೋಡಲು ಅಷ್ಟು ದೂರದಿಂದ ಬಂದವರು ನನಗಾಗಿ ಹೊರಗೆ ನಿಂತರು. ಅದನ್ನು ನೆನೆದರೆ ಈಗಲೂ ಅವರ ಮುಂದೆ ಚಿಕ್ಕವಳಾಗುತ್ತೇನೆ. ಮುಂದೆ ನಾನು ಮಾಡಿದ್ದನ್ನು ನೆನೆದರೆ ಇನ್ನೂ ಹೆಚ್ಚು.

ಹುಡುಗಿಯರ ತೂಕ ನೋಡುತ್ತಿದ್ದದ್ದು ಸಭಾಭವನಕ್ಕೆ ಅಂಟಿದ ಎಂಟನೇ ತರಗತಿಯ ಕೋಣೆಯಲ್ಲಿ. ಮನೆಯ ಹೆಂಗಸೆಂದು ನನ್ನನ್ನೂ ಬಿಟ್ಟರು. ರಕ್ಷಿತಾ ತಕ್ಕಡಿಯ ಮೇಲೆ ನಿಂತಳು. ಅವಳ ಶಾಲೆಯ ಪಿ.ಟಿ. ಟೀಚರ್ ಸುಮಾ ಮೇಡಂ ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು. ಅರವತ್ತೊಂಬತ್ತು ಕೆಜಿಗೆ ಕೂದಲೆಳೆಯಷ್ಟು ಕೆಳಗೆ! "ಅಯ್ಯೋ, ಸ್ವಲ್ಪದ್ರಾಗೆ ತಪ್ತಲ್ಲೇ! ಅರವತ್ತೊಂಬತ್ತು ದಾಟಿದ್ರೆ ಮೇಲಿನ ತೂಕದ ವಿಭಾಗ. ಅಲ್ಲಿ ಇಡೀ ಜಿಲ್ಲೆಗೆ ನೀನೊಬ್ಬಳೇ. ತೂಕ ಆಯ್ತು ಅಂದ್ರೆ ಚಿನ್ನ ಬಂತು, ಜಿಲ್ಲೆ ದಾಟಿ ನೇರ ವಿಭಾಗ ಮಟ್ಟಕ್ಕೆ. ದಾಟ್ಲಿಲ್ಲ ಅಂದ್ರೆ ಕೆಳಗಿನದಕ್ಕೆ ಹಾಕ್ತಾರೆ. ಅಲ್ಲಿ ಮೂರು ಹುಡುಗೀರಿದಾರೆ. ಆಡ್ಬೇಕಾಗುತ್ತೆ!" ಆಡಬೇಕಾಗುತ್ತದೆ ಎಂಬುದನ್ನು ಅವರು, ಆಪರೇಷನ್ ಮಾಡಿಸಬೇಕಾಗುತ್ತದೆ ಎನ್ನುವ ಡಾಕ್ಟರ ಹಾಗೆ ಹೇಳಿದರು. ಬ್ಯಾಗಿನಿಂದ ಒಂದು ಲೀಟರಿನ ತುಂಬಿದ ಬಾಟಲಿ ತೆಗೆದು ನನ್ನ ಕೈಗಿಟ್ಟು, "ಅತ್ತಿಗೆ ಅಲ್ವಾ ನೀವು? ಪೂರ್ತಿ ಕುಡಿಸಿ. ನೀರು ಕುಡಿಯೋದು ತಪ್ಪೇನಲ್ಲ. ನಾನು ಇನ್ನೊಂದು ಸಲ ತೂಕಕ್ಕೆ ಟೈಮ್ ಕೇಳ್ಕೊಂಡು ಬರ್ತೀನಿ" ಎಂದು ಹೊರಗೆ ಹೋದರು.

ನಾನು ಮುಚ್ಚಳ ತೆಗೆದು ಬಾಟಲಿ ಮುಂದೆ ಹಿಡಿದೆ. ರಕ್ಷಿತಾ ಕೈ ಚಾಚಲಿಲ್ಲ. ಬರಿಗಾಲಿನಲ್ಲಿ ನಿಂತು ಕಾಲ್ಬೆರಳುಗಳನ್ನೇ ನೋಡುತ್ತಿದ್ದಳು. "ಅತ್ತಿಗೆ," ಎಂದಳು, "ಒಂದ್ಸಲ ಯಾರಾದ್ರೂ ನನ್ನ ಕೈ ಹಿಡಿದು ಎಳೀಲಿ ಅನ್ಸುತ್ತೆ. ಕೆಡವಿದ್ರೂ ಪರವಾಗಿಲ್ಲ. ಕ್ಲಾಸಲ್ಲಿ ನನಗೆ ತಕ್ಕಡಿ ಪೈಲ್ವಾನ್ ಅಂತಾರೆ, ಗೊತ್ತಾ?" ನನಗೆ ಗೊತ್ತಿರಲಿಲ್ಲ ರೀ. ನಿಮಗೆ ಗೊತ್ತಿತ್ತೇ? ಅಷ್ಟರಲ್ಲಿ ಮೇಡಂ ಚಪ್ಪಲಿಯ ಸದ್ದು ಕೇಳಿಸಿತು. ನೀರನ್ನು ಚೆಲ್ಲೋಣವೆಂದರೆ ಕೋಣೆಯಲ್ಲಿ ಬಚ್ಚಲಿಲ್ಲ, ನೆಲವನ್ನು ಆಗತಾನೇ ಒರೆಸಿದ್ದರು. ಕಿಟಕಿಯ ಹತ್ತಿರ ಓಡಿದರೆ, ಸರಿಯಾಗಿ ಅದರ ಕೆಳಗೆ, ಕೊಡೆ ಹಿಡಿದು ಅತ್ತೆಯವರು! ಸೊಸೆಯ ಮುಖ ನೋಡಬಾರದ ತಿಂಗಳಲ್ಲಿ ಸೊಸೆ ತಲೆಯ ಮೇಲೆ ನೀರು ಸುರಿದಳೆಂದರೆ ಅದಕ್ಕೆ ಯಾವ ಶಾಂತಿ ಮಾಡಿಸುವುದು? ನನಗೆ ಯೋಚನೆಯೇ ಓಡಲಿಲ್ಲ. ಬಾಟಲಿಯನ್ನು ಬಾಯಿಗೆ ಎತ್ತಿದೆ. ಗಟಗಟನೆ ಪೂರ್ತಿ ಕುಡಿದೆ. ಹೌದು ರೀ, ನಾನು. ಕಣ್ಣಲ್ಲಿ ನೀರು ಬಂತು, ಸೆರಗು ಒದ್ದೆಯಾಯಿತು. ರಕ್ಷಿತಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಮೇಡಂ ಬಂದರು, ಖಾಲಿ ಬಾಟಲಿ ನೋಡಿ "ಭೇಷ್" ಎಂದು ಅವಳನ್ನು ತಕ್ಕಡಿ ಹತ್ತಿಸಿದರು. ಮೊದಲು ತೋರಿಸಿದ್ದೇ ತೋರಿಸಿತು. ಇಳಿಸಿದರು, ಹತ್ತಿಸಿದರು, ತಕ್ಕಡಿಗೆ ಎರಡು ಏಟು ಕೊಟ್ಟರು. "ಇದೇನಿದು, ಒಂದು ಲೀಟರ್ ಎಲ್ಲಿ ಹೋಯ್ತು?" ಎಂದು ಅವಳ ಹೊಟ್ಟೆಯನ್ನೇ ನೋಡಿದರು. ನನ್ನ ಹೊಟ್ಟೆಯನ್ನು ಯಾರೂ ನೋಡಲಿಲ್ಲ. ಸಮಯ ಮುಗಿಯಿತೆಂದು ಸಂಘಟಕರು ಅವಳನ್ನು ಕೆಳಗಿನ ವಿಭಾಗಕ್ಕೆ ಹಾಕಿದರು. ಆ ವಿಭಾಗದಲ್ಲಿ ಶಿಕಾರಿಪುರದಿಂದ ಬೇರೆ ಯಾರೂ ಇರಲಿಲ್ಲವಾದ್ದರಿಂದ ಯಾರ ಜಾಗವನ್ನೂ ಅವಳು ಕಿತ್ತುಕೊಂಡಂತಾಗಲಿಲ್ಲ.

ಮೊದಲ ಕುಸ್ತಿ ಹೊಸನಗರದ ಹುಡುಗಿಯ ಜೊತೆ. ಅದನ್ನು ಹೇಗೆ ವರ್ಣಿಸಲಿ? ನಮ್ಮ ರಕ್ಷಿತಾ, ಮನೆಯಲ್ಲಿ ರಿಮೋಟ್ ಹುಡುಕಲೂ ಸೋಫಾದಿಂದ ಏಳದ ಹುಡುಗಿ, ಬೆಕ್ಕಿನ ಹಾಗೆ ಬಗ್ಗಿದಳು. ಒಳಗೆ ನುಗ್ಗಿ ಕಾಲು ಹಿಡಿದಳು. ಆಮೇಲೆ ಧಡ್ ಎಂದು ಶಬ್ದ, ಆ ಹುಡುಗಿಯ ಎರಡೂ ಭುಜ ಮ್ಯಾಟ್ ಮೇಲೆ! ನಾನು ಕಿರುಚಿದೆ. ಮಾವನವರು ವೇದಿಕೆಯ ಕುರ್ಚಿಯಿಂದ ಎದ್ದು ನಿಂತವರು ಕೂರುವುದನ್ನೇ ಮರೆತರು. ನನ್ನ ಕಡೆ ತಿರುಗಿ, ಏನೋ ಕಳೆದದ್ದು ಸಿಕ್ಕವರ ಹಾಗೆ, "ನಮ್ಮ ಹುಡುಗಿ ಹಿಂಗೆ ಆಡ್ತಾಳೇನವ್ವಾ!" ಎಂದರು. ಎರಡು ಪದಕ ಮನೆಗೆ ಬಂದಿದ್ದವು, ಅಷ್ಟು ಪೇಡ ಹಂಚಿದ್ದರು, ಮಗಳು ಕುಸ್ತಿ ಆಡಿದ್ದನ್ನು ಮಾತ್ರ ಅವರು ನೋಡಿದ್ದು ಅದೇ ಮೊದಲು. ಆ ಮುಖವನ್ನು ನಾನು ಮರೆಯುವುದಿಲ್ಲ. ಆ ಗಳಿಗೆಯಲ್ಲಿ ಹೋಗಿ ಎಲ್ಲವನ್ನೂ ಹೇಳಿಬಿಡಬೇಕಿತ್ತು. ಆದರೆ ಒಂದು ಲೀಟರ್ ನೀರು ಆ ಹೊತ್ತಿಗೆ ತನ್ನ ಕೆಲಸ ಶುರು ಮಾಡಿತ್ತು, ನಾನು ಬೇರೆ ಕಡೆಗೆ ಓಡಬೇಕಾಯಿತು. ನಗಬೇಡಿ ಎಂದೆನಲ್ಲ.

ಫೈನಲ್ ಸೊರಬದ ಹುಲಿಗೆಮ್ಮನ ಜೊತೆ. ಉದ್ದ ಕೈ, ಗಟ್ಟಿ ಹುಡುಗಿ, ಕಣ್ಣು ಮಿಟುಕಿಸದೆ ನೋಡುತ್ತಾಳೆ. ಮೊದಲರ್ಧ ನಮ್ಮವಳೇ ಮುಂದಿದ್ದಳು. ಆಮೇಲೆ ಹುಲಿಗೆಮ್ಮ ಅವಳ ಸೊಂಟಕ್ಕೆ ಕೈ ಸುತ್ತಿ ಹಿಡಿದದ್ದು ಬಿಡಲೇ ಇಲ್ಲ. ಕಿಟಕಿಯ ಸರಳಿನ ಸಂದಿಯಿಂದ ಅತ್ತೆಯವರ ದನಿ ಮಾತ್ರ ಕೇಳುತ್ತಿತ್ತು: "ಬಿಡಿಸ್ಕ ಮಗಾ! ಬಿಡಿಸ್ಕ!" ಬಿಡಿಸಿಕೊಳ್ಳಲಾಗಲಿಲ್ಲ. ಒಂದೇ ಪಾಯಿಂಟಿನಲ್ಲಿ ಸೋತಳು. ನಾನು ಟವೆಲ್ ಹಿಡಿದು ಓಡಿದೆ, ಸಮಾಧಾನದ ಮಾತುಗಳನ್ನೆಲ್ಲ ಬಾಯಲ್ಲಿ ಜೋಡಿಸಿಕೊಂಡು. ಅವಳೋ, ಕಿವಿ ಕೆಂಪಾಗಿ, ಮೊಣಕೈ ತರಚಿ, ಹಲ್ಲು ಬಿಟ್ಟುಕೊಂಡು ಬಂದಳು. "ಅತ್ತಿಗೆ, ಅವಳ ಹಿಡಿತ ನೋಡಿದ್ರಾ? ಎಂಥಾ ಹಿಡಿತ! ಉಸಿರೇ ನಿಂತೋಯ್ತು! ಅದನ್ನ ಬಿಡಿಸ್ಕೊಳೋದು ಹೆಂಗೆ ಅಂತ ಕಲೀಬೇಕು." ಸೋತವಳು ಹೀಗೆ ಕುಣಿಯುವುದನ್ನು ನಾನು ಎಲ್ಲೂ ಕಂಡಿಲ್ಲ.

ಇಲ್ಲಿಗೇ ಮುಗಿದಿದ್ದರೆ ನಾನು ನಿಜಕ್ಕೂ ಪ್ರೇಮಪತ್ರ ಬರೆಯುತ್ತಿದ್ದೆ. ಆದರೆ ಮಾವನವರು ಬೇಸರದಿಂದ ಇಳಿದು ಬರುವಾಗ ಸುಮಾ ಮೇಡಂ, ತಮ್ಮ ಮೇಲೆ ತಪ್ಪು ಬರಬಾರದೆಂದು, "ನಾನೇನು ಮಾಡ್ಲಿ ಸಾರ್, ಒಂದು ಲೀಟರ್ ನೀರು ಕುಡಿಸಿದ್ರೂ ತಕ್ಕಡೀಲಿ ನಂಬರ್ ಕದಲ್ಲಿಲ್ಲ" ಎಂದುಬಿಟ್ಟರು. ಮಾವನವರ ಮುಖ ಬದಲಾದದ್ದನ್ನು ನೀವು ನೋಡಬೇಕಿತ್ತು. ಅಲ್ಲಿಯವರೆಗೆ ಸೋತ ಮಗಳ ಅಪ್ಪನಾಗಿದ್ದರು. ಒಂದೇ ಕ್ಷಣದಲ್ಲಿ ಮಂಡಿಯ ಪಂಚಾಕ್ಷರಪ್ಪನವರಾದರು. "ನಲವತ್ತು ವರ್ಷದಿಂದ ತೂಕ ಹಾಕ್ತಿದೀನಿ ಕಣ್ರೀ. ಲೀಟರ್ ನೀರು ಒಳಗೆ ಹೋದ ಮೇಲೆ ಕೆಜಿ ಏರ್ಲೇಬೇಕು. ಏರ್ಲಿಲ್ಲ ಅಂದ್ರೆ ತಕ್ಕಡಿ ಸುಳ್ಳು ಹೇಳ್ತೈತೆ. ಸುಳ್ಳು ತಕ್ಕಡಿ ಮೇಲೆ ನಮ್ಮ ಹುಡುಗಿನ ಕೆಳಗೆ ಹಾಕಿದೀರಿ!" ಅಲ್ಲೇ ಆಕ್ಷೇಪಣೆ ಬರೆದು ಕೊಟ್ಟರು. ಶನಿವಾರ ಹನ್ನೊಂದಕ್ಕೆ ನಿಮ್ಮ ಅಂಗಡಿಯ, ಸರ್ಕಾರದ ಸೀಲು ಬಿದ್ದ ತಕ್ಕಡಿಯನ್ನೇ ತರುತ್ತಾರಂತೆ. ಎಲ್ಲರೆದುರು ಎರಡನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷೆಯಂತೆ. ಇಲ್ಲಿನ ತಕ್ಕಡಿ ಹಳೆಯದು, ಹೆಚ್ಚುಕಡಿಮೆ ಇದ್ದರೂ ಇರಬಹುದು. ಸ್ವಲ್ಪ ವ್ಯತ್ಯಾಸ ಬಂದರೂ ಸಾಕು, ಮೇಡಂ ಹೇಳಿದ ನೀರಿನ ಮಾತು ಸಾಕ್ಷಿಗೆ ಇದ್ದೇ ಇದೆ. ಆಗ, ಸೇರಬಾರದವಳನ್ನು ಸೇರಿಸಿ ಆಡಿಸಿದ್ದೆಂದು ಆ ತೂಕದ ವಿಭಾಗದ ಫಲಿತಾಂಶವೇ ರದ್ದು, ರಕ್ಷಿತಾಗೆ ಮೇಲಿನ ವಿಭಾಗದ ಚಿನ್ನ. ಹುಲಿಗೆಮ್ಮ ವಿಭಾಗ ಮಟ್ಟಕ್ಕೆ ಹೋಗುವಂತಿಲ್ಲ.

ಮಾವನವರ ಲೆಕ್ಕದಲ್ಲಿ ಒಂದೇ ಒಂದು ತಪ್ಪಿದೆ. ಆ ತಪ್ಪು ನಾನು.

ಈಗ ಹೇಳಿ, ಏನು ಮಾಡಲಿ? ನಿನ್ನೆ ರಕ್ಷಿತಾ ಗೆಳತಿಯ ಫೋನಿನಿಂದ ಮಾತಾಡಿದಳು. "ನಿಮ್ಮ ಹೆಸರು ಬರಬಾರ್ದು ಅತ್ತಿಗೆ. ನಾನೇ ಕುಡಿದೆ ಅಂತ ಹೇಳ್ತೀನಿ" ಎಂದಳು. ಅವಳು ಕುಡಿದಳೆಂದರೆ ತಕ್ಕಡಿ ಕಳ್ಳ, ಹುಲಿಗೆಮ್ಮನ ಗೆಲುವು ಹೋಯಿತು. ಕುಡಿಯಲಿಲ್ಲವೆಂದರೆ, ಹಾಗಾದರೆ ಬಾಟಲಿ ಖಾಲಿಯಾದದ್ದು ಹೇಗೆ ಎನ್ನುತ್ತಾರೆ. ಯಾವ ದಾರಿ ಹಿಡಿದರೂ ಅದು ನನ್ನ ಹೊಟ್ಟೆಗೇ ಬಂದು ಸೇರುತ್ತದೆ. ನಾನು ಬಾಯಿ ಬಿಟ್ಟರೆ ನಿಮ್ಮ ಮನೆಯಲ್ಲಿ ನನ್ನ ಗತಿ ಏನು? ಬಂದ ಸೊಸೆ ಬಂದ ವರ್ಷವೇ ಮಗಳ ಚಿನ್ನವನ್ನು ಕುಡಿದು ಮುಗಿಸಿದಳು ಎಂದು ಶಿಕಾರಿಪುರವೆಲ್ಲ ಹೇಳುವುದಿಲ್ಲವೇ? ಕಾಲ್ಗುಣ ಎಂದು ಕೊರಳಿಗೆ ಪದಕ ಹಾಕಿದವರು ಈಗ ಏನು ಹಾಕಿಯಾರು? ಮುಚ್ಚಿಟ್ಟರೆ ಆ ಹುಡುಗಿ ನಿಜವಾಗಿ ಹಿಡಿದು ಗೆದ್ದದ್ದು ಹೋಗುತ್ತದೆ, ರಕ್ಷಿತಾ ಮತ್ತೆ ತಕ್ಕಡಿ ಪೈಲ್ವಾನ್ ಆಗುತ್ತಾಳೆ. ಮಾವನವರು ಕೆಟ್ಟವರೂ ಅಲ್ಲ. ಮಗಳಿಗೆ ಅನ್ಯಾಯವಾಗಿದೆ ಎಂದು ನಂಬಿ ಹೋರಾಡುತ್ತಿದ್ದಾರೆ. ನಾನೂ ಕೆಟ್ಟವಳಲ್ಲ ಎಂದುಕೊಂಡಿದ್ದೇನೆ. ಯಾರೂ ಕೆಟ್ಟವರಿಲ್ಲದೆ ಇಷ್ಟು ಕೆಟ್ಟದ್ದಾಗುವುದು ಹೇಗೆ?

ಇನ್ನು ಅತ್ತೆಯವರು. ಮಂಗಳವಾರ ಸಂಜೆ ಫೋನ್ ಮಾಡಿದ್ದರು. ಫೋನಿಗೆ ಹೊಸ್ತಿಲಿಲ್ಲವಂತೆ. ಸೋಲಿನ ಮಾತಿಲ್ಲ, ತಕ್ಕಡಿಯ ಮಾತಿಲ್ಲ. "ಹೊಟ್ಟೆ ಹೆಂಗೈತವ್ವಾ?" ಎಂದು ಕೇಳಿದರು. ಚೆನ್ನಾಗಿದೆ ಅತ್ತೆ, ಯಾಕೆ ಎಂದೆ. "ಏನಿಲ್ಲ. ನೀರು ಒಮ್ಮೆಗೇ ಅಷ್ಟು ಕುಡೀಬಾರ್ದು, ಎದೆ ಹಿಡ್ಕೊಳ್ತೈತೆ" ಎಂದು ಇಟ್ಟುಬಿಟ್ಟರು. ಕೊಡೆಯ ಅಡಿಯಿಂದ ನೋಡಿದ್ದರೇ? ನೋಡಿದ್ದರೆ ಮಾವನವರಿಗೆ ಯಾಕೆ ಹೇಳಿಲ್ಲ? ನನ್ನನ್ನು ಕಾಪಾಡುತ್ತಿದ್ದಾರೋ, ಮಗಳನ್ನೋ, ಇಲ್ಲ ನಾನೇ ಹೇಳಲಿ ಎಂದು ಕಾಯುತ್ತಿದ್ದಾರೋ? ಲೋಕಮ್ಮಜ್ಜಿಯನ್ನು ಸುತ್ತಿ ಬಳಸಿ ಕೇಳಿದೆ. ಅತ್ತೆ ಸಮಾಚಾರ ಸೊಸೆಗೆ ತಿಳಿಯುವ ಹೊತ್ತಿಗೆ ಸೊಸೆಯೂ ಅತ್ತೆಯಾಗಿರುತ್ತಾಳೆ ಎಂದು ನಕ್ಕುಬಿಟ್ಟಳು. ಅಷ್ಟು ದಿನ ಕಾಯಲು ಪುರುಸೊತ್ತಿಲ್ಲ, ಶನಿವಾರ ನಾಡಿದ್ದೇ ಇದೆ.

ನೀವೇ ಯೋಚಿಸಿ ಒಂದು ದಾರಿ ಹೇಳಿ. ನೀವು ಹೇಳಿದಂತೆ ಮಾಡುತ್ತೇನೆ. ಸುಮ್ಮನಿರು ಎಂದರೆ ಸುಮ್ಮನಿರುತ್ತೇನೆ, ಹೇಳು ಎಂದರೆ ಹೇಳುತ್ತೇನೆ. ನಿಮ್ಮ ಅಂಗಡಿಯ ನಂಬರಿನಿಂದ ನಾಳೆ ಬೆಳಿಗ್ಗೆ ನಮ್ಮ ಮನೆಗೆ ಫೋನ್ ಮಾಡಿ. ಮಾವನವರು ಹತ್ತಿರವಿದ್ದರೆ 'ದರ ಏರಿದೆ' ಎನ್ನಿ, ಹೇಳಬೇಕೆಂದು ತಿಳಿದುಕೊಳ್ಳುತ್ತೇನೆ. 'ಇಳಿದಿದೆ' ಎಂದರೆ ಬಾಯಿ ಮುಚ್ಚುತ್ತೇನೆ. ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಬರೆಯಬೇಕು, ಆದರೆ ಈ ಕಾಗದದ ಸುದ್ದಿಯೇ ಅವರಿಗೆ ತಿಳಿಯುವಂತಿಲ್ಲ. ನಮಸ್ಕಾರವನ್ನು ಸದ್ಯಕ್ಕೆ ನಿಮ್ಮ ಜೇಬಿನಲ್ಲೇ ಇಟ್ಟುಕೊಂಡಿರಿ. ರಕ್ಷಿತಾಳ ಮೊಣಕೈಗೆ ಅರಿಶಿನ ಹಚ್ಚಲು ಹೇಳಿ. ನಿಮ್ಮ ಕೆಮ್ಮಿಗೆ ಜೇನು ಶುಂಠಿ, ಮರೆಯಬೇಡಿ. ಅಮ್ಮ, ಅಪ್ಪ, ಅಜ್ಜಿ ಎಲ್ಲರೂ ನಿಮ್ಮನ್ನು ಕೇಳಿದ್ದಾರೆ. ಎಲ್ಲರಿಗಿಂತ ಹೆಚ್ಚು ಸಲ ನಾನು ಕೇಳಿದ್ದೇನೆ.

ತಲೆಕೆಟ್ಟು ಕೂತಿರುವ, ಆದರೂ ನಿಮ್ಮವಳೇ ಆದ
ಮೈತ್ರಿ

ಬಸ್ ಸ್ಟ್ಯಾಂಡಿನ ಬೆಂಚಿನಿಂದ ಇನ್ನೊಂದು ಮಾತು: ಫೋನ್ ಮಾಡಬೇಡಿ, ದರವೂ ಬೇಡ. ಹೇಳಿಬಿಟ್ಟೆ ರೀ. ಕಾಗದ ಮಡಚಿಕೊಂಡು ಬರುವಾಗ ಪಂದ್ಯ ನಡೆದ ಆ ಶಾಲೆಯ ಬಯಲಲ್ಲಿ ಹುಲಿಗೆಮ್ಮ ಓಡುತ್ತಿದ್ದಳು. ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು. "ಅಕ್ಕಾ, ಶನಿವಾರ ರಕ್ಷಿತಾ ಬರ್ತಾಳಂತಲ್ಲ, ಮತ್ತೊಂದ್ಸಲ ಕುಸ್ತಿ ಇಡ್ತಾರಾ? ಇಟ್ರೆ ಚಲೋ ಆಗ್ತದೆ. ಅವಳ ಹಂಗೆ ಒಳಗೆ ನುಗ್ಗಿ ಕಾಲು ಹಿಡಿಯೋರು ಇಲ್ಲಿ ಯಾರೂ ಇಲ್ಲ" ಎಂದಳು. ಶನಿವಾರ ಯಾತಕ್ಕೆಂದು ಅವಳಿಗೆ ಯಾರೂ ಹೇಳಿಯೇ ಇಲ್ಲ. ನೇರ ಶಾಲೆಯ ಒಳಗೆ ಹೋಗಿ, ಶನಿವಾರದ ತಯಾರಿಯಲ್ಲಿದ್ದ ಸಂಘಟಕರ ಮುಂದೆ, ನೀರು ಕುಡಿದದ್ದು ನಾನು ಎಂದು ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ, ಎರಡು ಸಲ ಹೇಳಿದೆ. ಬರೆದು ಕೊಡಿ ಎಂದರು, ಕೊಟ್ಟೆ. ಶನಿವಾರ ಅದನ್ನು ಎಲ್ಲರೆದುರು ಓದುತ್ತಾರಂತೆ. ನಾನು ಅಲ್ಲೇ ಇರುತ್ತೇನೆ, ಯಾರು ಏನಂದರೂ ಕೇಳಿಸಿಕೊಳ್ಳುತ್ತೇನೆ. ಆದರೆ ಮಾವನವರು ಅಷ್ಟು ಜನರ ನಡುವೆ, ತಮ್ಮ ತಕ್ಕಡಿಯ ಪಕ್ಕ ನಿಂತು, ಇದನ್ನು ಮೊದಲ ಸಲ ಕೇಳುವಂತಾಗಬಾರದು. ಇವತ್ತೇ ಅವರಿಗೆ ನೀವು ಹೇಳಬೇಕು. ಆ ಮೊದಲ ಕುಸ್ತಿಯನ್ನು ಅವರಿಗೆ ನೆನಪು ಮಾಡಿಕೊಟ್ಟು, ಆಮೇಲೆ ಹೇಳಿ. ಲೋಕೇಶಣ್ಣ ವಿಸಿಲ್ ಹಾಕುತ್ತಿದ್ದಾನೆ. ತಕ್ಕಡಿ ಗಾಡಿಗೆ ಏರಿಸುವ ಮೊದಲು, ರೀ.